ನಲವತ್ತೆಂಟು ಗಂಟೆಯ ಬಾಡಿಗೆ

ಹೋದ ಮಳೆಗಾಲದಲ್ಲಿ ದೊಡ್ಡಪ್ಪ ಒಂದು ಸಿನಿಮಾ ನೋಡಬೇಕು ಅಂದರು. ಥಿಯೇಟರಿನ ಮೆಟ್ಟಿಲು ಹತ್ತುವಷ್ಟು ಮೊಣಕಾಲು ಈಗ ಗಟ್ಟಿಯಿಲ್ಲ. ನನ್ನ ಫೋನಿನಲ್ಲಿದ್ದ ಒಂದು ಆ್ಯಪಿನಲ್ಲಿ ಅದು ಬಾಡಿಗೆಗೆ ಇತ್ತು. ದುಡ್ಡು ಕಟ್ಟಿ, ಟಿ.ವಿ.ಗೆ ಹಾಕಿಕೊಟ್ಟು ನಾನು ಮಾನಸಗಂಗೋತ್ರಿಗೆ ಹೊರಟೆ. ಅವರು ಇಂಟರ್ವಲ್ ತನಕ ನೋಡಿ ನಿದ್ದೆಹೋದರು. ಮರುದಿನ ಬೀದಿಯಲ್ಲಿ ಒಂದು ಸಾವು, ಮಣ್ಣಿಗೆ ಹೋಗಿಬಂದವರಿಗೆ ಸಿನಿಮಾ ನೆನಪಾಗಲಿಲ್ಲ. ಮೂರನೆಯ ದಿನ ಸಂಜೆ ‘ಮಿಕ್ಕಿದ್ದು ಹಾಕು’ ಅಂದಾಗ ಸಿನಿಮಾ ಇರಲಿಲ್ಲ. ಪೋಸ್ಟರ್ ಇತ್ತು, ಅದರ ಕೆಳಗೆ ಮತ್ತೊಮ್ಮೆ ಬಾಡಿಗೆ ಕೇಳುವ ಗುಂಡಿ ಇತ್ತು. ದೊಡ್ಡಪ್ಪ ಟಿ.ವಿ.ಯನ್ನೂ ನನ್ನನ್ನೂ ನೋಡಿ ಕೇಳಿದರು: ‘ಯಾರು ವಾಪಸ್ ತಗೊಂಡೋದ್ರು?’

ಆಗ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಕೇಳಬೇಕಾದ ಪ್ರಶ್ನೆಯೇ ಅದು. ಬಾಡಿಗೆಗೆ ತಂದದ್ದನ್ನು ಯಾರಾದರೂ ಕೈಯಾರೆ ಹಿಂದಿರುಗಿಸಬೇಕು ಎಂಬುದು ಅವರ ತಿಳಿವಳಿಕೆ. ಸೈಕಲ್ಲು, ಶಾಮಿಯಾನ, ಮದುವೆ ಪಾತ್ರೆ, ಕಾದಂಬರಿ, ಕ್ಯಾಸೆಟ್ಟು, ಯಾವುದೇ ಇರಲಿ, ಬಾಡಿಗೆ ಎಂದರೆ ಹೋಗಿ ತರುವುದು, ಮತ್ತೆ ಹೋಗಿ ಕೊಡುವುದು. ಈಗಿನ ಬಾಡಿಗೆಯಲ್ಲಿ ತರುವುದೂ ಇಲ್ಲ, ಕೊಡುವುದೂ ಇಲ್ಲ. ಅವಧಿ ಮುಗಿಯುತ್ತದೆ, ಅಷ್ಟೆ. ಪದ ಅದೇ ಉಳಿದಿದೆ, ಅದರೊಳಗಿನ ಲೆಕ್ಕ ಬದಲಾಗಿದೆ. ಸಿನಿಮಾ ಬಗ್ಗೆ ಬರೆಯುವ ನಾವು ಕ್ಯಾಮೆರಾ, ಸಂಕಲನ, ಜಾತಿ, ಲಿಂಗ ಎಲ್ಲದರ ಬಗ್ಗೆಯೂ ಬರೆಯುತ್ತೇವೆ. ದರದ ಮಾತು ಬಂದರೆ ಅದು ವಾಣಿಜ್ಯ ಪುಟದ ಸಂಗತಿ ಎಂದು ಬಿಟ್ಟುಬಿಡುತ್ತೇವೆ. ಆದರೆ ಒಂದು ಸಿನಿಮಾವನ್ನು ಯಾರು, ಯಾರ ಜೊತೆ ಕೂತು ನೋಡುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ದರವೇ. ಅಶೋಕಪುರಂನ ಒಂದು ಬೀದಿಯಿಂದ ನೋಡಿದರೆ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ದೊಡ್ಡಪ್ಪ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಬೀದಿಗೆ ವಿಡಿಯೊ ಬಂದ ಕಥೆಯನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಅದರ ಹಿಂದೆಯೇ ವಿಸಿಆರ್ ಬೀದಿಬೀದಿ ತಿರುಗತೊಡಗಿತು. ಕೊಳ್ಳುವ ಶಕ್ತಿ ಯಾರಿಗಿತ್ತು? ಹಾಗಾಗಿ ಟಿ.ವಿ., ವಿಸಿಪಿ, ಮೂರು ಕ್ಯಾಸೆಟ್ಟು, ಅದನ್ನು ನಡೆಸಲು ಒಬ್ಬ ಹುಡುಗ, ಎಲ್ಲ ಸೇರಿಸಿ ಒಂದು ರಾತ್ರಿಗೆ ಇಷ್ಟು ಅಂತ ಬಾಡಿಗೆ. ದೊಡ್ಡಪ್ಪ ಹೇಳುವ ಮೊತ್ತ ಸಲಕ್ಕೊಂದು: ನೂರು, ನೂರಿಪ್ಪತ್ತು, ಹುರುಪಿದ್ದ ದಿನ ನೂರೈವತ್ತು. ಮೊತ್ತ ಎಷ್ಟೇ ಬದಲಾಗಲಿ, ಮನೆಗೆ ಐದು ರೂಪಾಯಿ ಚಂದಾ ಎಂಬುದು ಮಾತ್ರ ಬದಲಾಗುವುದಿಲ್ಲ. ಸಂಬಳದ ವಾರದ ಶನಿವಾರ, ಗಣೇಶನ ಹಬ್ಬ, ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿ, ಇವು ವಿಡಿಯೊ ರಾತ್ರಿಗಳು. ಒಂದು ರಾಜ್‌ಕುಮಾರ್, ಒಂದು ರಜನಿಕಾಂತ್, ಬೆಳಗಿನ ಜಾವ ಎಚ್ಚರ ಇದ್ದವರಿಗೆ ಒಂದು ಹೊಡೆದಾಟದ್ದು.

ಇಲ್ಲಿನ ಲೆಕ್ಕವನ್ನು ಗಮನಿಸಿ. ಬಾಡಿಗೆ ಇದ್ದದ್ದು ಪೆಟ್ಟಿಗೆಗೆ ಮತ್ತು ರಾತ್ರಿಗೆ. ಎದುರು ಕೂತ ಕಣ್ಣುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ನೋಡುವವರು ಹೆಚ್ಚಾದಷ್ಟೂ ತಲೆಗೆ ಬೀಳುವ ಪಾಲು ಕಡಿಮೆ. ಚಂದಾ ಕೊಡದವರ ಮಕ್ಕಳೂ ಬಂದು ಕೂರುತ್ತಿದ್ದರು, ಅವರನ್ನು ಎಬ್ಬಿಸಿ ಕಳಿಸಿದರೆ ಉಳಿಯುವುದು ಏನೂ ಇಲ್ಲ. ಒಟ್ಟಿಗೆ ಕೂರುವುದೇ ಅಗ್ಗದ ದಾರಿಯಾಗಿತ್ತು. ಬೀದಿಯ ಒಗ್ಗಟ್ಟು ಎಂದು ಈಗ ಭಾವುಕವಾಗಿ ನೆನೆಯುವುದರಲ್ಲಿ ಅರ್ಧ ಈ ಭಾಗಾಕಾರ.

ಹಾಗಂತ ಆ ರಾತ್ರಿಗಳನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಯಾವ ಮೂರು ಕ್ಯಾಸೆಟ್ಟು ಎಂಬುದನ್ನು ಆರಿಸುತ್ತಿದ್ದವರು ಗಂಡಸರು. ದೊಡ್ಡಮ್ಮನನ್ನು ಕೇಳಿದರೆ ಅವಳಿಗೆ ನೆನಪಿರುವುದು ಸಿನಿಮಾಗಳ ಎರಡನೆಯ ಅರ್ಧ ಮಾತ್ರ. ಮೊದಲರ್ಧದ ಹೊತ್ತಿಗೆ ಅವಳು ಪಾತ್ರೆ ತೊಳೆಯುತ್ತಿದ್ದಳು.

ದೊಡ್ಡಮ್ಮನಿಗೆ ಇನ್ನೊಂದು ಬಾಡಿಗೆ ಇತ್ತು, ಸರ್ಕ್ಯುಲೇಟಿಂಗ್ ಲೈಬ್ರರಿಯದು. ಅವಳು ಕೆಲಸಕ್ಕೆ ಹೋಗುತ್ತಿದ್ದ ಮನೆಯಾಕೆ ತರಿಸುತ್ತಿದ್ದ ಕಾದಂಬರಿಗಳನ್ನು ಇವಳು ಸಂಜೆ ಒಯ್ದು ಬೆಳಿಗ್ಗೆ ಕೊಡುತ್ತಿದ್ದಳು. ಒಂದೇ ಬಾಡಿಗೆಯಲ್ಲಿ ಇಬ್ಬರ ಓದು. ತ್ರಿವೇಣಿಯವರ ‘ಶರಪಂಜರ’ವನ್ನು ಹಾಗೆ ಓದಿ, ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ಸಿನಿಮಾವನ್ನು ಬಹಳ ವರ್ಷಗಳ ನಂತರ ವಿಡಿಯೊದಲ್ಲಿ ನೋಡಿದವಳು. ಕಾದಂಬರಿ ಸಿನಿಮಾ ಆಗುವುದರ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಬಹಳ ದಿನ ಹೊಳೆಯದೆ ಇದ್ದದ್ದು ಇದು: ನಮ್ಮ ಮನೆಯಲ್ಲಿ ಕಾದಂಬರಿಯೂ ಸಿನಿಮಾವೂ ಬಂದದ್ದು ಒಂದೇ ಬಾಗಿಲಿನಿಂದ, ಬಾಡಿಗೆಯ ಬಾಗಿಲಿನಿಂದ.

ಕಾನೂನಿನ ಕಣ್ಣಿಗೆ ಮಾತ್ರ ಈ ಎರಡು ಬಾಡಿಗೆಗಳು ಒಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಪುಸ್ತಕದ ಒಂದು ಪ್ರತಿ ಒಮ್ಮೆ ಚಲಾವಣೆಗೆ ಬಂದ ಮೇಲೆ ಅದು ಕೈಯಿಂದ ಕೈಗೆ ಹೋಗುವುದರ ಮೇಲೆ ಪ್ರಕಾಶಕರಿಗೆ ಹಿಡಿತವಿಲ್ಲ. ಲೈಬ್ರರಿಯವನು ಅಂಗಡಿಯಲ್ಲಿ ಕೊಂಡ ಕಾದಂಬರಿಯನ್ನು ನೂರು ಜನಕ್ಕೆ ಬಾಡಿಗೆ ಕೊಡಬಹುದು. ಸಿನಿಮಾ ಹಾಗಲ್ಲ. ಅದರ ಪ್ರತಿಯನ್ನು ಬಾಡಿಗೆಗೆ ಕೊಡುವುದೂ ನಿರ್ಮಾಪಕರ ಹಕ್ಕೇ. 2012ರ ತಿದ್ದುಪಡಿಯಲ್ಲಿ ಇದಕ್ಕೊಂದು ಸಣ್ಣ ಕಿಂಡಿ ಇಟ್ಟರು: ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆ ಕಾನೂನುಬದ್ಧವಾಗಿ ಪಡೆದ ಸಿನಿಮಾ ಪ್ರತಿಯನ್ನು ಲಾಭವಿಲ್ಲದೆ ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಅಲ್ಲ. ಈ ಕಿಂಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ನನ್ನ ಕಾಲದ್ದು ವಿಸಿಡಿ. ದಿನಕ್ಕೆ ಹತ್ತು ರೂಪಾಯಿ, ಒಂದು ದಿನ ತಡವಾದರೆ ಇನ್ನೊಂದು ಹತ್ತು. ಒಂದು ಡಿಸ್ಕಿಗೆ ಒಂದೂಕಾಲು ಗಂಟೆಯ ಸಿನಿಮಾ ಹಿಡಿಯುತ್ತಿತ್ತು, ಹಾಗಾಗಿ ಒಂದು ಕನ್ನಡ ಸಿನಿಮಾ ಎಂದರೆ ಎರಡೋ ಮೂರೋ ಡಿಸ್ಕು. ‘ಮುಂಗಾರು ಮಳೆ’ಯನ್ನು ಮೊದಲ ಸಲ ನೋಡಿದಾಗ ಕವರಿನೊಳಗೆ ಎರಡನೆಯ ಡಿಸ್ಕಿನ ಜಾಗದಲ್ಲಿ ಬೇರೆ ಯಾವುದೋ ಸಿನಿಮಾದ ಡಿಸ್ಕು ಇತ್ತು. ಅಂಗಡಿಗೆ ಓಡಿಹೋಗಿ ಕೇಳಿದರೆ ಸರಿಯಾದದ್ದು ಹಿಂದಿನ ಬೀದಿಯ ಮನೆಯಲ್ಲಿತ್ತು. ಆ ಮನೆಯವರೂ ನಮ್ಮ ಡಿಸ್ಕನ್ನು ಹಾಕಿಕೊಂಡು ತಬ್ಬಿಬ್ಬಾಗಿ ಕೂತಿದ್ದರು. ಅಲ್ಲೇ ಕೂತು ಉಳಿದದ್ದನ್ನು ನೋಡಿ ಬಂದೆವು.

ಆ ಅಂಗಡಿ ನಮ್ಮ ಬಡಾವಣೆಯೊಳಗೇ ಒಂದು ಮನೆಯ ಮುಂದಿನ ಕೋಣೆಯಲ್ಲಿತ್ತು. ಡೆಪಾಸಿಟ್ ಇಲ್ಲ, ಒಂದು ನೋಟ್‌ಬುಕ್ಕು, ಅದರಲ್ಲಿ ಮನೆಗೊಂದು ಪುಟ. ಅಲ್ಲಿ ಸಿಗದ ಸಿನಿಮಾಗೆ ರಸ್ತೆ ದಾಟಿ ಪಕ್ಕದ ಬಡಾವಣೆಯ ದೊಡ್ಡ ಅಂಗಡಿಗೆ ಹೋಗಬೇಕಿತ್ತು. ಒಮ್ಮೆ ಅಕ್ಕನೂ ನಾನೂ ಸದಸ್ಯತ್ವ ಮಾಡಿಸಲು ಹೋದೆವು. ಡೆಪಾಸಿಟ್ ಇನ್ನೂರು ರೂಪಾಯಿ ಎಂದು ಗೋಡೆಯ ಮೇಲೆ ಬರೆದಿತ್ತು. ಅಕ್ಕ ವಿಳಾಸ ಹೇಳಿದಳು. ಕೌಂಟರಿನಲ್ಲಿದ್ದವರು ಪೆನ್ನು ಕೆಳಗಿಟ್ಟು, ‘ಅಶೋಕಪುರಂ ಆದ್ರೆ ಐನೂರು’ ಅಂದರು. ದೂರವೇನೂ ಇರಲಿಲ್ಲ, ನಮಗಿಂತ ದೂರದ ಬಡಾವಣೆಯವರು ಇನ್ನೂರು ಕೊಟ್ಟು ನಮ್ಮ ಕಣ್ಣೆದುರೇ ಕಾರ್ಡು ತೆಗೆದುಕೊಂಡು ಹೋದರು. ಅಕ್ಕ ಏನೂ ಮಾತಾಡದೆ ನನ್ನ ಕೈ ಹಿಡಿದು ಹೊರಗೆ ಬಂದಳು. ಹಿಂದೆ ಆದಿಕರ್ನಾಟಕಪುರ ಎನ್ನಿಸಿಕೊಂಡಿದ್ದ ಈ ದಲಿತರ ಬಡಾವಣೆಯ ಹೆಸರಿಗೆ ಊರಿನಲ್ಲಿ ಏನು ಬೆಲೆ ಎಂಬುದು ನನಗೆ ಮೊದಲು ರೂಪಾಯಿಯ ಲೆಕ್ಕದಲ್ಲಿ ಗೊತ್ತಾದದ್ದು ಅಲ್ಲಿ: ಮುನ್ನೂರು.

ಈ ಮುನ್ನೂರನ್ನು ಮರೆತು ವಿಡಿಯೊ ಲೈಬ್ರರಿಗಳ ಬಗ್ಗೆ ಹಂಬಲದ ಪ್ರಬಂಧ ಬರೆಯುವವರನ್ನು ಕಂಡರೆ ನನಗೆ ಕೊಂಚ ರೇಗುತ್ತದೆ. ಆ್ಯಪು ನನ್ನ ಬಡಾವಣೆ ಕೇಳಿ ದರ ಹೇಳುವುದಿಲ್ಲ. ಅಶೋಕಪುರಂನಲ್ಲೂ ಯಾದವಗಿರಿಯಲ್ಲೂ ಅದಕ್ಕೆ ಒಂದೇ ದರ. ಇದನ್ನು ಸಣ್ಣ ಸಂಗತಿ ಎಂದು ನಾನು ಎಂದೂ ಹೇಳಲಾರೆ.

ಆ ಎರಡೂ ಅಂಗಡಿಗಳನ್ನು ಮುಚ್ಚಿಸಿದ್ದು ಮಾತ್ರ ಆ್ಯಪುಗಳಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ತೊಡಗಿತು. ಮೂರು ದಿನದ ಬಾಡಿಗೆಗಿಂತ ಕಡಿಮೆಗೆ ಸಿನಿಮಾ ಸ್ವಂತಕ್ಕೇ ಸಿಗುವಾಗ ಬಾಡಿಗೆ ಯಾರಿಗೆ ಬೇಕು? ಆಮೇಲೆ ಪೆನ್‌ಡ್ರೈವ್, ಮೆಮೊರಿ ಕಾರ್ಡಿಗೆ ಇಪ್ಪತ್ತು ರೂಪಾಯಿಗೆ ಐದು ಸಿನಿಮಾ ತುಂಬಿಕೊಡುವ ಮೊಬೈಲ್ ಅಂಗಡಿಗಳು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಅದೂ ಮುಗಿಯಿತು.

ಅದೇ 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಭಾರತಕ್ಕೆ ಬಂದವು. ನೆಟ್‌ಫ್ಲಿಕ್ಸ್ ತನ್ನ ದೇಶದಲ್ಲಿ 1997ರಲ್ಲಿ ಶುರುವಾದದ್ದು ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುವ ಕಂಪನಿಯಾಗಿ. ಒಂದು ಕ್ಯಾಸೆಟ್ ತಡವಾಗಿ ಕೊಟ್ಟದ್ದಕ್ಕೆ 40 ಡಾಲರ್ ದಂಡ ತೆತ್ತ ಸಿಟ್ಟಿನಲ್ಲಿ ಈ ಯೋಚನೆ ಹೊಳೆಯಿತು ಎಂದು ಸ್ಥಾಪಕರಲ್ಲಿ ಒಬ್ಬರಾದ ರೀಡ್ ಹೇಸ್ಟಿಂಗ್ಸ್ ಹೇಳುತ್ತಿದ್ದರು. ಇನ್ನೊಬ್ಬ ಸ್ಥಾಪಕ ಮಾರ್ಕ್ ರ‍್ಯಾಂಡಾಲ್ಫ್ ಅದು ಅನುಕೂಲಕ್ಕೆ ಕಟ್ಟಿದ ಕಥೆ ಎಂದಿದ್ದಾರೆ. ಕಥೆ ಸುಳ್ಳೋ ನಿಜವೋ, ತಡವಾದ ದಂಡ ಎಂಬುದು ಹೋಯಿತು. ತಡಮಾಡುವ ಸ್ವಾತಂತ್ರ್ಯವೂ ಅದರ ಜೊತೆಗೇ ಹೋಯಿತು ಎಂಬುದು ದೊಡ್ಡಪ್ಪನ ವಿಷಯದಲ್ಲಿ ನನಗೆ ಅರ್ಥವಾಯಿತು. ದಿನಕ್ಕೆ ಹತ್ತು ರೂಪಾಯಿಯಂತೆ ದಂಡ ಕಟ್ಟಿ ನಾಲ್ಕು ದಿನ ಇಟ್ಟುಕೊಳ್ಳುವುದು ವಿಸಿಡಿಯಲ್ಲಿ ಸಾಧ್ಯವಿತ್ತು.

ಈಗಿನ ದರಪಟ್ಟಿಯನ್ನು ಒಂದು ಪಠ್ಯವೆಂದು ಓದಿ ನೋಡಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಇಲ್ಲಿ ದರ ಇಳಿಸಿತು: ತಿಂಗಳಿಗೆ 149 ರೂಪಾಯಿಗೆ ಒಂದು ಪರದೆ, ಅದೂ ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಮಾತ್ರ, ಟಿ.ವಿ.ಗೆ ಹಾಕುವ ಹಾಗಿಲ್ಲ. 199ಕ್ಕೆ ಟಿ.ವಿ.ಯಲ್ಲೂ ನೋಡಬಹುದು, ಆದರೆ ಒಂದೇ ಪರದೆ. 499ಕ್ಕೆ ಎರಡು, 649ಕ್ಕೆ ನಾಲ್ಕು, ಚಿತ್ರವೂ ಹೆಚ್ಚು ನಿಚ್ಚಳ. ಥಿಯೇಟರಿನಲ್ಲಿ ಗಾಂಧಿ ಕ್ಲಾಸು, ಬಾಲ್ಕನಿ ಇದ್ದ ಹಾಗೆ ಇದೂ ಒಂದು ಶ್ರೇಣಿ. ವ್ಯತ್ಯಾಸ ಒಂದೇ. ಗಾಂಧಿ ಕ್ಲಾಸಿನವನೂ ಬಾಲ್ಕನಿಯವನೂ ನೋಡುತ್ತಿದ್ದದ್ದು ಒಂದೇ ಪರದೆ. ಶಿಳ್ಳೆ ಕೆಳಗಿನಿಂದ ಮೇಲಕ್ಕೆ ಕೇಳಿಸುತ್ತಿತ್ತು. 149ರ ಕ್ಲಾಸಿನಲ್ಲಿ ಅಂಗೈ ಅಗಲದ ಪರದೆ, ಕಿವಿಗೆ ಇಯರ್‌ಫೋನು, ಒಬ್ಬನೇ. ಎಲ್ಲಕ್ಕಿಂತ ಅಗ್ಗದ ದರ ಈಗ ಒಂಟಿಯಾಗಿ ನೋಡುವವನಿಗೆ. ಎಂಬತ್ತರ ದಶಕದ ಬೀದಿಯ ಭಾಗಾಕಾರ ತಲೆಕೆಳಗಾದದ್ದು ಇಲ್ಲಿ.

ಒಂದೊಂದು ಸಿನಿಮಾಗೂ ಬಾಡಿಗೆ ಎಂಬ ಹಳೆಯ ಪದ್ಧತಿ ಮರಳಿದ್ದು 2022ರ ಏಪ್ರಿಲ್ ಕೊನೆಯಲ್ಲಿ. ಪ್ರೈಮ್ ವಿಡಿಯೊ 69 ರೂಪಾಯಿಯಿಂದ 499ರವರೆಗೆ ಸಿನಿಮಾ ಬಾಡಿಗೆಗೆ ಕೊಡಲು ಶುರುಮಾಡಿತು. ದುಡ್ಡು ಕಟ್ಟಿದ ಮೇಲೆ ನೋಡಲು ತೊಡಗಲು 30 ದಿನ, ತೊಡಗಿದ ಮೇಲೆ ಮುಗಿಸಲು 48 ಗಂಟೆ. ಥಿಯೇಟರಿನಲ್ಲಿ ಓಡುತ್ತಿದ್ದ ಹೊಸ ಸಿನಿಮಾವನ್ನು ಇಲ್ಲಿ ಹೀಗೆ ಬಾಡಿಗೆಗೆ ಇಟ್ಟಾಗ ಮುಂದೆ ನಿಂತದ್ದು ನಮ್ಮ ಕನ್ನಡದ್ದೇ, ‘ಕೆಜಿಎಫ್ ಚಾಪ್ಟರ್ 2’. ಏಪ್ರಿಲ್ 14ಕ್ಕೆ ತೆರೆಕಂಡ ಸಿನಿಮಾ ಮೇ 16ಕ್ಕೆ 199 ರೂಪಾಯಿಗೆ ಬಾಡಿಗೆಗೆ ಬಂತು, ಜೂನ್ 3ಕ್ಕೆ ಪ್ರೈಮ್ ಸದಸ್ಯರಿಗೆ ಬೇರೆ ದುಡ್ಡಿಲ್ಲದೆ ಸಿಕ್ಕಿತು. ಅಂದರೆ ಆ 199 ರೂಪಾಯಿ ಸಿನಿಮಾದ ಬೆಲೆಯಲ್ಲ, ಹದಿನೆಂಟು ದಿನ ಕಾಯದಿರುವುದರ ಬೆಲೆ. ದೊಡ್ಡ ಟಿ.ವಿ. ಇರುವ ಐವರ ಮನೆಗೆ ತಲಾ ನಲವತ್ತು ರೂಪಾಯಿ, ಮಾಲ್‌ನಲ್ಲಿ ಪಾಪ್‌ಕಾರ್ನಿಗೂ ಆಗದ ಮೊತ್ತ. ಹಾಸ್ಟೆಲ್ಲಿನಲ್ಲಿ ಫೋನ್ ಹಿಡಿದು ಕೂತ ಹುಡುಗನಿಗೆ ಪೂರ್ತಿ 199. ದರ ಒಂದೇ ಎಂದೆನಲ್ಲ, ಅದು ವಿಳಾಸದ ಮಟ್ಟಿಗೆ ನಿಜ. ಪರದೆಯ ಮಟ್ಟಿಗೆ ನಿಜವಲ್ಲ.

ಕಣ್ಣಿನ ಮೇಲೆ ಹಾಕಿದ ಈ ಬಾಡಿಗೆಯನ್ನು ಬೀದಿ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. 2021ರ ನವೆಂಬರ್ 2ಕ್ಕೆ ‘ಜೈ ಭೀಮ್’ ಥಿಯೇಟರಿಗೆ ಬಾರದೆ ನೇರವಾಗಿ ಪ್ರೈಮ್‌ನಲ್ಲಿ ಬಂತು, ಕನ್ನಡಕ್ಕೂ ಡಬ್ ಆಗಿ. ಆ ಎರಡು ಪದಗಳು ಈ ಬಡಾವಣೆಯಲ್ಲಿ ನಮಸ್ಕಾರದ ಬದಲು ಬಳಕೆಯಲ್ಲಿರುವಂಥವು. ಆದರೆ ಆ ಹೆಸರಿನ ಸಿನಿಮಾ ನೋಡಲು ಸದಸ್ಯತ್ವ ಬೇಕು, ಆಗ ವರ್ಷದ್ದಕ್ಕೆ 999 ರೂಪಾಯಿ. ಮುಂದಿನ ತಿಂಗಳೇ 1,499 ಆಯಿತು. ನಮ್ಮ ಬೀದಿಯಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬನಿಗೆ ಸದಸ್ಯತ್ವ ಇತ್ತು. ದೀಪಾವಳಿಗೆ ಊರಿಗೆ ಬಂದವನು ಟಿ.ವಿ.ಯನ್ನು ಬಾಗಿಲಿಗೆ ತಿರುಗಿಸಿಟ್ಟ. ಒಳಗೆ ಹತ್ತು ಜನ, ಜಗಲಿಯ ಮೇಲೆ, ರಸ್ತೆಯ ಮೇಲೆ ಕುರ್ಚಿ ಹಾಕಿಕೊಂಡು ಇನ್ನೊಂದು ಮೂವತ್ತು. ಲಾಕಪ್ಪಿನ ದೃಶ್ಯಗಳಲ್ಲಿ ಹೆಂಗಸರು ಎದ್ದು ಒಳಗೆ ಹೋದರು, ಮತ್ತೆ ಬಂದರು. ನೆಟ್‌ವರ್ಕು ನಿಂತು ಚಕ್ರ ಸುತ್ತುವಾಗ ಯಾರೂ ಮಾತಾಡಲಿಲ್ಲ. ನಾನು ಆ ಸಿನಿಮಾದ ಬಗ್ಗೆ ಆಮೇಲೆ ಓದಿದ ಎಷ್ಟೋ ವಿಮರ್ಶೆಗಳು, ವಕೀಲನೊಬ್ಬ ರಕ್ಷಕನಾಗಿ ಬರುವ ಕಥನದ ಬಗೆಗಿನ ತಕರಾರುಗಳು, ಬಹುಪಾಲು ಸರಿಯೇ. ಆದರೆ ಅವನ್ನು ಬರೆದವರು ಆ ಸಿನಿಮಾವನ್ನು ನಲವತ್ತು ಜನರ ನಡುವೆ ನೋಡಿರಲಿಕ್ಕಿಲ್ಲ ಎಂದು ಮಾತ್ರ ಅನ್ನಿಸಿತು. ವೈಯಕ್ತಿಕ ಬಳಕೆಗೆ ಮಾತ್ರ ಎಂಬ ಷರತ್ತಿನ ಪ್ರಕಾರ ಆ ರಾತ್ರಿ ನಡೆದದ್ದು ತಪ್ಪು. ಹಳೆಯ ಚಂದಾದ ಲೆಕ್ಕದ ಪ್ರಕಾರ ಅದು ಮಾಮೂಲಿ ಶನಿವಾರ.

ಪಾಸ್‌ವರ್ಡ್ ಹಂಚಿಕೊಳ್ಳುವುದೂ ಇದೇ ಚಂದಾದ ಹೊಸ ರೂಪ. ನಾಲ್ಕು ಗೆಳೆಯರು, ಒಂದು ಖಾತೆ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲೂ ಅದಕ್ಕೆ ತಡೆ ಹಾಕಿತು. ಖಾತೆ ಒಂದು ಮನೆಗೆ ಮಾತ್ರ ಎಂದಿತು. ಮನೆ ಎಂದರೆ ಏನು ಎಂಬುದನ್ನು ಕಂಪನಿಯೊಂದು ವೈಫೈ ನೋಡಿ ತೀರ್ಮಾನಿಸುವ ಕಾಲ ಇದು.

ನಿರ್ಮಾಪಕರ ಕಡೆಯಿಂದ ನೋಡಿದರೂ ಚಿತ್ರ ಸುಲಭವಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ‘ಏಕಂ’ ಸರಣಿಯನ್ನು ಕೊಳ್ಳುವ ವೇದಿಕೆ ಸಿಗದೆ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಟ್ಟಿತು. ಒಂದು ವರ್ಷದ ನಂತರ ಆಮಿರ್ ಖಾನ್ ‘ಸಿತಾರೆ ಜಮೀನ್ ಪರ್’ ಸಿನಿಮಾವನ್ನು ಯೂಟ್ಯೂಬ್‌ನಲ್ಲಿ 100 ರೂಪಾಯಿಗೆ ಬಾಡಿಗೆಗೆ ಇಟ್ಟರು. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ‘ಸಿಸ್ಪೇಸ್’ ಎಂಬ ತನ್ನದೇ ವೇದಿಕೆ ತೆರೆದು ಒಂದು ಸಿನಿಮಾಗೆ 75 ರೂಪಾಯಿ ಎಂದಿತು. ಅದರಲ್ಲಿ ಅರ್ಧ ನಿರ್ಮಾಪಕರಿಗೆ. ನಮ್ಮಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್‌ನಲ್ಲಿ ಎರಡು ಮಾತು ಇದ್ದವು: ಥಿಯೇಟರ್ ಟಿಕೆಟ್ಟಿಗೆ 200 ರೂಪಾಯಿ ಮಿತಿ ಮತ್ತು ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಟಿಟಿ. ಮೊದಲನೆಯದರ ಬಗ್ಗೆ ಸೆಪ್ಟೆಂಬರಿನಲ್ಲಿ ಅಧಿಸೂಚನೆ ಬಂತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆಯೂ ಬಂತು, ಪತ್ರಿಕೆಗಳ ತುಂಬ ಚರ್ಚೆಯಾಯಿತು. ಎರಡನೆಯದರ ಬಗ್ಗೆ ಬುದ್ಧಿಜೀವಿಗಳೂ ಸೇರಿ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ.

ತಲೆಕೆಡಿಸಿಕೊಳ್ಳಬೇಕಿತ್ತು. 2012ರ ಆ ಕಿಂಡಿಯ ವಿಷಯಕ್ಕೆ ಬರೋಣ. ಸಾರ್ವಜನಿಕ ಗ್ರಂಥಾಲಯ ಸಿನಿಮಾ ಪ್ರತಿಯನ್ನು ಎರವಲು ಕೊಡಬಹುದು ಎಂದು ಕಾನೂನು ಒಪ್ಪುತ್ತದೆ. ಕರ್ನಾಟಕದಲ್ಲಿ ಗ್ರಂಥಾಲಯಕ್ಕೆಂದೇ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಕರ ಕಟ್ಟುತ್ತೇವೆ. ಆದರೆ ಎರವಲು ಕೊಡಲು ಪ್ರತಿ ಬೇಕು, ಮತ್ತು ಈಗ ಪ್ರತಿ ಎಂಬುದೇ ಮಾರಾಟಕ್ಕಿಲ್ಲ. ಸ್ಟ್ರೀಮಿಂಗ್‌ನಲ್ಲಿ ಇರುವುದು ಅನುಮತಿ ಮಾತ್ರ, ಅದನ್ನು ಕಪಾಟಿನಲ್ಲಿ ಇಡಲು ಬರುವುದಿಲ್ಲ. ಹೊಸ ಕಾದಂಬರಿಯೊಂದು ಇವತ್ತಿಗೂ ಗ್ರಂಥಾಲಯದ ಮೂಲಕ ಮುನ್ನೂರು ರೂಪಾಯಿ ಇಲ್ಲದವನ ಕೈಗೆ ಹೋಗುತ್ತದೆ. ವೇದಿಕೆಯಲ್ಲಷ್ಟೇ ಬಿಡುಗಡೆಯಾದ ಸಿನಿಮಾ ಹಾಗೆ ಹೋಗಲಾರದು. ಸರ್ಕಾರ ಒಟಿಟಿ ಕಟ್ಟುವುದಾದರೆ ಅದು ಇನ್ನೊಂದು ಅಂಗಡಿ ಆಗುತ್ತದೋ ಗ್ರಂಥಾಲಯ ಆಗುತ್ತದೋ ಎಂಬುದು ನನಗೆ ದರಕ್ಕಿಂತ ದೊಡ್ಡ ಪ್ರಶ್ನೆ. ಊರಿನ ಗ್ರಂಥಾಲಯದ ಕೋಣೆಯಲ್ಲಿ, ಯುವಕ ಸಂಘದಲ್ಲಿ, ಹಾಸ್ಟೆಲ್ಲಿನಲ್ಲಿ ಐವತ್ತು ಜನ ಕೂತು ನೋಡಲು ಒಂದು ಬಾಡಿಗೆ ಇರುತ್ತದೆಯೇ? ಅಥವಾ ಅಲ್ಲೂ ಒಂದು ಖಾತೆ, ಒಂದು ಪರದೆಯೇ?

ಇದು ಬರೀ ತಾತ್ವಿಕ ಪ್ರಶ್ನೆಯಾಗಿ ನನಗೆ ಬರಲಿಲ್ಲ. ಈ ಸಲದ ಜಯಂತಿಗೆ ಹಿಂದಿನ ರಾತ್ರಿ ಬೀದಿಯಲ್ಲಿ ಪರದೆ ಕಟ್ಟಿ ಎಪ್ಪತ್ತರ ದಶಕದ ಒಂದು ಕನ್ನಡ ಸಿನಿಮಾ ತೋರಿಸಬೇಕೆಂದು ಹುಡುಗರು ಹೊರಟರು. ಯಾವ ಸಿನಿಮಾ ಎಂಬುದು ಇಲ್ಲಿ ಬೇಡ. ನಾನೇ ಸೂಚಿಸಿದ್ದು. ಯೂಟ್ಯೂಬ್‌ನಲ್ಲಿ ಯಾರೋ ಹಾಕಿದ, ಮುಖಗಳು ಗುರುತೇ ಸಿಗದಷ್ಟು ಮಸುಕಾದ ಪ್ರತಿ ಇತ್ತು. ‘ಕದ್ದು ತೋರಿಸೋದು ಬೇಡ, ಕೇಳಿ ತೋರಿಸೋಣ’ ಎಂದು ಹುಡುಗರೇ ಹೇಳಿದರು. ಮನೆಗೆ ಐವತ್ತರಂತೆ ಚಂದಾ ಎತ್ತಿದರು. ಪ್ರೊಜೆಕ್ಟರ್ ಬಾಡಿಗೆ ಹೋಗಿ ಎರಡು ಸಾವಿರ ಉಳಿಯಿತು, ಅದು ಸಿನಿಮಾದ ಬಾಡಿಗೆ ಎಂದು ತೆಗೆದಿಟ್ಟರು. ನಾನು ಫೋನ್ ಮಾಡಲು ಕೂತೆ. ನಿರ್ಮಾಪಕರು ತೀರಿಹೋಗಿದ್ದಾರೆ. ಮನೆಯವರು ಹಕ್ಕು ಮಾರಿಯಾಗಿದೆ ಅಂದರು. ಕೊಂಡವರು ಟಿ.ವಿ. ಹಕ್ಕು ಮಾತ್ರ ನಮ್ಮದು ಅಂದರು. ಇನ್ನೊಬ್ಬರು, ‘ಬೀದೀಲಿ ತೋರ್ಸೋಕಾ? ಅದಕ್ಕೆಲ್ಲ ರೇಟೇ ಇಲ್ಲ ಸ್ವಾಮಿ’ ಎಂದು ನಕ್ಕು ಫೋನಿಟ್ಟರು.

ಕೊನೆಗೆ ಆ ರಾತ್ರಿ ಭಾಷಣ, ಹಾಡು ಆಯಿತು. ಎರಡು ಸಾವಿರ ರೂಪಾಯಿ ಇನ್ನೂ ಒಂದು ಕವರಿನಲ್ಲಿ ಸಂಘದ ಬೀರುವಿನಲ್ಲಿದೆ. ಮೇಲೆ ‘ಸಿನಿಮಾ ಬಾಡಿಗೆ’ ಎಂದು ಬರೆದಿದ್ದಾರೆ. ಖರ್ಚು ಹಾಕಬೇಡಿ ಎಂದು ದೊಡ್ಡಪ್ಪ ಹೇಳಿದ್ದಾರಂತೆ.